ಒಳಗಿವಿಯ ಕಾವಲು: ‘ರೋಗನಿರೋಧಕ’ವೋ ‘ರೋಗಪ್ರತಿಕಾರ’ವೋ?

ಎಲ್ಲರಿಗೂ ನಮಸ್ಕಾರ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗಕ್ಕೆ ಕಿವಿಯ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ, ‘ಇಮ್ಯುನಿಟಿ’ಗೆ ಕನ್ನಡದಲ್ಲಿ ಏನನ್ನೋಣ ಅನ್ನುವಲ್ಲಿ ಬಂದು ನಿಂತಿದೆ. ಇಲ್ಲಿ ಮರಾಠಿ ಪೇಪರಿನಲ್ಲಿ, ದವಾಖಾನೆಯ ಗೋಡೆಯ ಮೇಲೆ, ಎಲ್ಲೆಲ್ಲೂ ‘ರೋಗಪ್ರತಿಕಾರಶಕ್ತಿ’. ನಮ್ಮವರ ಬಾಯಲ್ಲೂ ಅದೇ. ‘ಅಜ್ಜಿಗೆ ಪ್ರತಿಕಾರಶಕ್ತಿ ಕಮ್ಮಿ ಆಗೇದ ನೋಡ್ರಿ’ ಅಂತ ಪಕ್ಕದ ಮನೆಯ ಕಾಕು ಅಂದರೆ, ಊರಿಂದ ಬಂದವರು ಅಜ್ಜಿ ಯಾರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದರು ಅಂತ ಕೇಳಬೇಕು. ಕನ್ನಡದಲ್ಲಿ ಪ್ರತೀಕಾರ ಅಂದರೆ ಸೇಡೇ ಅಲ್ವಾ?

‘ರೋಗನಿರೋಧಕ’ ಅಂತ ಬರೆದು ಮುಗಿಸೋಣವೆಂದರೆ, ಒಳಗಿವಿಯ ಮಟ್ಟಿಗೆ ಅದು ಅರ್ಧವನ್ನೇ ಹೇಳುತ್ತದೆ. ನಿರೋಧ ಅಂದರೆ ತಡೆ. ತಡೆ ಇದೆ, ನಿಜ: ಅಲ್ಲಿನ ರಕ್ತನಾಳಗಳ ಗೋಡೆಯ ಕೋಶಗಳು ಒತ್ತೊತ್ತಾಗಿ ಹೆಣೆದುಕೊಂಡಿವೆ, ರಕ್ತದಲ್ಲಿರುವ ರೋಗಾಣುಗಳಷ್ಟೇ ಅಲ್ಲ, ಎಷ್ಟೋ ಔಷಧಿಗಳೂ ಸುಲಭವಾಗಿ ದಾಟುವುದಿಲ್ಲ. ಬಹಳ ಕಾಲ ಇಷ್ಟೇ ಅಂದುಕೊಂಡಿದ್ದರು, ಒಳಗೆ ಕಾವಲಿನವರೇ ಇಲ್ಲ ಅಂತ. ಆಮೇಲೆ ನೋಡಿದರೆ ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳು ಕಾಕ್ಲಿಯಾ ಅನ್ನುವ, ಒಳಗಿವಿಯಲ್ಲಿ ಕೇಳಿಸಿಕೊಳ್ಳುವ ಸುರುಳಿಯ ಗೋಡೆಯಲ್ಲಿ, ನರಕೋಶಗಳ ನಡುವೆ, ಬೀಡುಬಿಟ್ಟೇ ಇವೆ. ಇದು ತಡೆಯಲ್ಲ, ಕಾದಾಟ.

ಆ ಕಾದಾಟ ಜಾಸ್ತಿಯಾದರೆ ಪೆಟ್ಟು ಕಿವಿಗೇ. ಶಬ್ದ ಹಿಡಿಯುವ ರೋಮಕೋಶಗಳು ಒಂದು ಕಿವಿಗೆ ಸುಮಾರು 15,000 ಅಷ್ಟೇ, ಮನುಷ್ಯರಲ್ಲಿ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೆನಿಂಜೈಟಿಸ್ (ಮೆದುಳಿನ ಹೊದಿಕೆಯ ಉರಿಯೂತ) ಆದಾಗ ಮೆದುಳಿನ ಸುತ್ತಲಿನ ದ್ರವದಿಂದ ಸಣ್ಣ ಕಾಲುವೆ ಹಿಡಿದು ಬ್ಯಾಕ್ಟೀರಿಯಾ ಒಳಗಿವಿಗೆ ಇಳಿಯಬಹುದು. ಅಲ್ಲಿ ಎದ್ದ ಉರಿಯೂತದಿಂದ ಮೂಳೆ ಬೆಳೆದು ಕಾಕ್ಲಿಯಾದ ಟೊಳ್ಳೇ ಮುಚ್ಚಿಹೋಗುವುದುಂಟು. ಅಂಥವರಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆ ಟೊಳ್ಳಿನೊಳಗೆ ತಂತಿ ತೂರಿಸಿ ಕೇಳಿಸುವ ಸಾಧನ) ಹಾಕುವುದಿದ್ದರೆ ಡಾಕ್ಟರು ಅವಸರ ಮಾಡುವುದು ಇದಕ್ಕೇ.

ಇನ್ನೊಂದು ತೊಡಕು. ದೇಹದ ಕಾವಲೇ ತಿರುಗಿಬಿದ್ದು ಒಳಗಿವಿಯನ್ನು ಕೆಡಿಸುವ ಕಾಯಿಲೆಯನ್ನು 1979ರಲ್ಲಿ ಅಮೆರಿಕದ ವೈದ್ಯ ಬ್ರಯಾನ್ ಮೆಕೇಬ್ ವಿವರಿಸಿದರು, ಅದು ಸ್ಟೀರಾಯ್ಡಿಗೆ ಬಗ್ಗುತ್ತದೆ. ಇಂಥ ಕಾಯಿಲೆಗಳಿಗೆ ಕನ್ನಡದಲ್ಲಿ ‘ಸ್ವಯಂ ನಿರೋಧಕ’ ಅಂತ ಬರೆಯುತ್ತಾರೆ. ತನ್ನನ್ನು ತಾನೇ ತಡೆದುಕೊಳ್ಳುವ ಕಾಯಿಲೆಯೇ? ಓದಿದವರಿಗೆ ಏನೂ ಹೊಳೆಯುವುದಿಲ್ಲ. ನಾವು ನಗುವ ಮರಾಠಿಯ ‘ಪ್ರತಿಕಾರ’ವೇ ಇಲ್ಲಿ ಚೆನ್ನಾಗಿ ಕೂರುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದನ್ನು ಕಾಯಿಲೆಯ ಹೆಸರಾಗಿ ಚೀಟಿಯಲ್ಲಿ ಬರೆಯಲಾದೀತೇ?

ಸದ್ಯಕ್ಕೆ ರಕ್ತನಾಳದ್ದಕ್ಕೆ ‘ತಡೆ’, ಕೋಶಗಳದ್ದಕ್ಕೆ ‘ಕಾವಲು’ ಅಂತ ಇಟ್ಟಿದ್ದೇನೆ. ತಿರುಗಿಬಿದ್ದ ಕಾವಲಿಗೆ ಒಂದು ಹೆಸರು ಬೇಕು. ಸಂಸ್ಕೃತದ ಉದ್ದ ಸಮಾಸ ಮಾತ್ರ ಬೇಡ, ದಯವಿಟ್ಟು.

ಹಾಗೇ ಮಂಗನಬಾವಿಗೆ ನಿಮ್ಮ ಕಡೆ ಏನಂತಾರೆ ತಿಳಿಸಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ‘ಗಾಲಗುಂಡ’ ಅಂದರೇ ಗೊತ್ತಾಗುವುದು. ಅದರಿಂದ ಒಂದು ಕಿವಿ ಪೂರ್ತಿ ಹೋಗುವುದುಂಟು, ಹಾಗಾಗಿ ಎರಡೂ ಹೆಸರು ಹಾಕೋಣ ಅಂತಿದ್ದೇನೆ.