ಸಹಾಯ ಬೇಕು: ಪಿಕಪ್ ಹಿಂದಿನಿಂದ ಜಗ್ಗಿದ ಹಾಗಾಗ್ತಿದೆ

ನಮ್ಮದು 2009ರ ಡೀಸೆಲ್ ಪಿಕಪ್, ಶಿರಸಿ–ಕುಮಟಾ ಓಡಾಟ. ತಿಂಗಳಿಂದ ನ್ಯೂಟ್ರಲ್ ಮಾಡಿದರೆ ಉರುಳದೆ ಬೇಗ ನಿಲ್ಲುತ್ತಿದೆ.

ಮೊನ್ನೆ ದೇವಿಮನೆ ಘಟ್ಟ ಹತ್ತಿ ಬಂದು ನೋಡಿದೆ. ಹತ್ತುವಾಗ ಬ್ರೇಕ್ ತುಳಿದದ್ದೇ ಕಡಿಮೆ, ಆದರೂ ಹಿಂದಿನ ಎಡಗಡೆ ಬ್ರೇಕ್ ಡ್ರಮ್ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ಉಳಿದ ಮೂರೂ ಬರೀ ಬೆಚ್ಚಗೆ. ಜಾಕ್ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ತಿರುಗಿಸಿದರೆ ಆ ಚಕ್ರ ಬಿಗಿ, ಬಲಗಡೆಯದು ಸಲೀಸು. ಬ್ಲೀಡರ್ ನಿಪ್ಪಲ್ (ಬ್ರೇಕ್ ಎಣ್ಣೆ ಹೊರಬಿಡುವ ತಿರುಪು) ಸಡಿಲಿಸಿದರೂ ಚಕ್ರದ ಬಿಗಿ ಬಿಡಲಿಲ್ಲ. ಅಂದರೆ ಬ್ರೇಕ್ ಎಣ್ಣೆಯ ಹೋಸ್‌ನಲ್ಲಿ ಒತ್ತಡ ಉಳಿದದ್ದಲ್ಲ. ಕಡಲ ಗಾಳಿಗೆ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಕಚ್ಚಿಕೊಂಡಿದೆ ಅಂತ ನನ್ನ ಅನುಮಾನ.

ಆದರೆ ಓಡುವಾಗ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರ್ ಗಡ್ಡೆ) ಕಡೆಯಿಂದ ಗುಂಯ್ ಸದ್ದೂ ಇದೆ. ಅದರ ಎಣ್ಣೆ ಮಟ್ಟ ಸರಿಯಿದೆ. ಮೊದಲು ಡ್ರಮ್ ಬಿಚ್ಚಲೋ, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ತಿರುಗುವ ಶಕ್ತಿ ಒಯ್ಯುವ ದಂಡ) ಕಳಚಿ ನೋಡಲೋ? ಈ ಸ್ಥಿತಿಯಲ್ಲಿ ಲೋಡ್ ಹಾಕಿ ಘಟ್ಟ ಇಳಿಯಲು ನನಗೆ ಧೈರ್ಯವಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.