‘ಸೇಜ್‌ಬ್ರಷ್’ಗೆ ‘ಬೂದುದವನ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಐಡಾಹೊದಲ್ಲಿ, ಬಾಯ್ಸಿ ಊರಿನ ದಕ್ಷಿಣಕ್ಕೆ ಸ್ನೇಕ್ ನದಿಯ ಕಣಿವೆ ಇದೆ. 1993ರಲ್ಲಿ ಬೇಟೆಹಕ್ಕಿಗಳಿಗೆಂದೇ ಕಾದಿರಿಸಿದ ಜಾಗ. ಅಲ್ಲಿ ಏಪ್ರಿಲ್‌ನಲ್ಲಿ ನೋಡಿದ ಹಕ್ಕಿ, ಸಣ್ಣ ಪ್ರಾಣಿಗಳ ಬಗ್ಗೆ ಅಣ್ಣನ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯಲು ಕೂತೆ, ಮೊದಲ ಸಾಲಲ್ಲೇ ಸಿಕ್ಕಿಕೊಂಡೆ. ಬಯಲು ತುಂಬ ಇರುವುದು ಸೇಜ್‌ಬ್ರಷ್ ಅನ್ನುವ ಬೂದು ಪೊದೆ. ಇದಕ್ಕೆ ಏನನ್ನೋಣ?

ಒಂದು ಕಡೆ ‘ಋಷಿಪೊದೆ’ ಅಂತ ಓದಿದೆ. ಅದು ತಪ್ಪು. ಸೇಜ್ ಅಂದರೆ ಇಲ್ಲಿ ಋಷಿಯಲ್ಲ, ಅಡುಗೆಗೆ ಹಾಕುವ ಒಂದು ಸೊಪ್ಪು, ತುಳಸಿ ಬಳಗದ್ದು. ಈ ಪೊದೆಗೆ ಆ ಸೊಪ್ಪಿನ ಹೆಸರು ಅಂಟಿಕೊಂಡಿದೆ ಅಷ್ಟೆ, ನೆಂಟಸ್ತನ ಇಲ್ಲ. ಇದು ಸೇವಂತಿಗೆ ಬಳಗದ ಆರ್ಟೆಮಿಸಿಯಾ, ಅಂದರೆ ನಮ್ಮ ದವನ, ಮಾಚಿಪತ್ರೆಗಳ ಕುಲವೇ! ಒಂದು ಎಲೆ ಕಿತ್ತು ನೋಡಿದೆ. ಕಿರಿಬೆರಳ ಉಗುರಿಗಿಂತ ಸಣ್ಣ ಅಗಲ, ಮೈ ತುಂಬ ಬೆಳ್ಳನೆಯ ನವಿರು, ತುದಿಯಲ್ಲಿ ಮೂರು ಹಲ್ಲು. ಹೊಸಕಿದರೆ ಕರ್ಪೂರದಂಥ ಘಾಟು, ಹೂಮಾಲೆಯ ದವನದಲ್ಲಿರುವ ಸಿಹಿ ಇಲ್ಲ. ಆದರೂ ಕುಲ ಒಂದೇ ಆದ್ದರಿಂದ ‘ಬೂದುದವನ’ ಅನ್ನಬಹುದು ಅಂತ ನನಗೆ ಅನ್ನಿಸುತ್ತದೆ. ಸುಮ್ನೆ ‘ಕುರುಚಲು ಗಿಡ’ ಅಂದುಬಿಟ್ಟರೆ ಸಾಲದು. ಸೇಜ್ ಗ್ರೌಸ್ ಅನ್ನುವ ಕೋಳಿಜಾತಿಯ ಹಕ್ಕಿ ಚಳಿಗಾಲವನ್ನೆಲ್ಲ ಹೆಚ್ಚುಕಮ್ಮಿ ಇದರ ಎಲೆ ತಿಂದೇ ಕಳೆಯುತ್ತದೆ, ಗಿಡಕ್ಕೆ ಹೆಸರಿಲ್ಲದೆ ಆ ಹಕ್ಕಿಯ ಕತೆ ಹೇಳುವುದು ಹೇಗೆ ಹೇಳಿ?

ಬಿಲದಲ್ಲಿ ಮೊಟ್ಟೆ ಇಡುವ ಪುಟ್ಟ ಗೂಬೆಗೆ ‘ಬಿಲಹಾಲಕ್ಕಿ’ ಅಂತ ಇಟ್ಟಿದ್ದೇನೆ. ನಮ್ಮ ಹಾಲಕ್ಕಿಯ ಕುಲದ್ದೇ ಅದು, ಹಾಗಾಗಿ ಸರಿ ಅಲ್ವಾ?

ನಿಜವಾಗಿ ತೊಡಕಾಗಿರುವುದು ಪೈಯೂಟ್ ನೆಲಅಳಿಲಿನ ವಿಷಯ. ನಮ್ಮ ಅಳಿಲಿನ ಹಾಗೆ ಬೆನ್ನ ಮೇಲೆ ಗೆರೆಗಳಿಲ್ಲ, ಬಾಲ ಗಿಡ್ಡ. ಬಿಲದ ಬಾಯಲ್ಲಿ ಹಿಂಗಾಲ ಮೇಲೆ ಗೂಟದ ಹಾಗೆ ನೆಟ್ಟಗೆ ನಿಂತು, ಡೇಗೆಯಂಥ ಬೇಟೆಹಕ್ಕಿ ಕಂಡರೆ ಸಿಳ್ಳೆ ಹಾಕಿ ಒಳಗೆ ಜಾರುತ್ತದೆ. ಬೇಸಿಗೆಗೆ ಹುಲ್ಲು ಒಣಗಿತೋ, ಜುಲೈ ಹೊತ್ತಿಗೆ ಬಿಲ ಸೇರಿ ಮಲಗಿಬಿಡುತ್ತದೆ, ಮತ್ತೆ ಮೇಲೆ ಬರುವುದು ಚಳಿಗಾಲದ ಕೊನೆಗೆ. ಈ ಉದ್ದನೆಯ ನಿದ್ದೆಗೆ ಏನನ್ನೋಣ? ಪಠ್ಯಪುಸ್ತಕದ ‘ಶಿಶಿರನಿದ್ರೆ’ ಅಂದರೆ ಬೇಸಿಗೆ ಬಿಟ್ಟುಹೋಗುತ್ತದೆ, ‘ಗ್ರೀಷ್ಮನಿದ್ರೆ’ ಅಂದರೆ ಚಳಿಗಾಲ ಬಿಟ್ಟುಹೋಗುತ್ತದೆ. ಸದ್ಯಕ್ಕೆ ‘ಬಿಲನಿದ್ದೆ’ ಅಂತ ಬರೆದಿದ್ದೇನೆ. ಕಪ್ಪೆಗಳು ಮಳೆ ಬರುವ ತನಕ ಮಣ್ಣೊಳಗೆ ಅಡಗಿರುತ್ತವಲ್ಲ, ಅದಕ್ಕೆ ನಿಮ್ಮೂರಿನ ರೈತರ ಬಾಯಲ್ಲಿ ಒಂದು ಮಾತು ಇದ್ದರೆ ದಯವಿಟ್ಟು ತಿಳಿಸಿ, ಯಾವ ಸೀಮೆಯದು ಅಂತಲೂ ಬರೆಯಿರಿ.