ಎಥನಾಲ್‌ಗೆಂದೇ ರೂಪಿಸಿದ ವೇಗದ ಕಾರು: ಈ ವಾದದಲ್ಲಿ ಎಷ್ಟು ಹುರುಳಿದೆ?

ಮುಧೋಳದ_ವಿದ್ಯಾರ್ಥಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಬಂಕ್‌ಗಳಿಗೆ ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದಾಗಿನಿಂದ ನಮ್ಮ ಕಡೆ ಎಥನಾಲ್ ಎಂದ ಕೂಡಲೇ ಮೈಲೇಜ್ ಬಿದ್ದುಹೋಯಿತೆಂಬ ಮಾತೇ ಮೊದಲು ಬರುತ್ತದೆ. ಆದರೆ ಸ್ವೀಡನ್ನಿನ ಕೋನಿಗ್‌ಸೆಗ್ ಕಂಪನಿಯ ಯೆಸ್ಕೊ ಕಾರಿನ ಎಂಜಿನ್ ಪೆಟ್ರೋಲಿನಲ್ಲಿ 1280 ಅಶ್ವಶಕ್ತಿ ಕೊಡುತ್ತದೆ, ಶೇ. 85ರಷ್ಟು ಎಥನಾಲ್ ಇರುವ ಇ85ರಲ್ಲಿ 1600 ಕೊಡುತ್ತದೆ. ಅಮೆರಿಕದ ಡಾಡ್ಜ್ ಚಾಲೆಂಜರ್ ಡೀಮನ್ 170 ಕೂಡ ತನ್ನ 1025 ಅಶ್ವಶಕ್ತಿಯನ್ನು ಇ85 ಹಾಕಿದಾಗ ಮಾತ್ರ ಮುಟ್ಟುತ್ತದೆ. ಒಂದೇ ಇಂಧನ ನಮ್ಮ ಬೈಕಿಗೆ ನಷ್ಟವೂ ಆ ಕಾರುಗಳಿಗೆ ಲಾಭವೂ ಆಗುವುದು ಹೇಗೆ? ಎಥನಾಲನ್ನೇ ಮನಸ್ಸಿನಲ್ಲಿಟ್ಟುಕೊಂಡು ಮೊದಲಿನಿಂದ ರೂಪಿಸಿದ ವೇಗದ ಕಾರೊಂದು ಅರ್ಥವುಳ್ಳ ಯೋಜನೆಯೇ, ಅಥವಾ ಶ್ರೀಮಂತರ ಆಟಿಕೆಯಷ್ಟೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಹುಬ್ಬಳ್ಳಿ_ಟರ್ಬೊ

ನಿಮ್ಮ ಪ್ರಶ್ನೆಗೆ ಉತ್ತರ ಸಿಲಿಂಡರಿನ ಒಳಗೇ ಇದೆ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ. ಮೈಲೇಜ್ ಬೀಳುವುದಕ್ಕೆ ಕಾರಣ ಇಷ್ಟೇ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಎಂಜಿನ್ನಿನ ತಾಕತ್ತನ್ನು ತೀರ್ಮಾನಿಸುವುದು ಟ್ಯಾಂಕಿನಲ್ಲಿರುವ ಇಂಧನವಲ್ಲ, ಅದು ಒಳಗೆಳೆದುಕೊಳ್ಳುವ ಗಾಳಿ. ಒಂದು ಕೆ.ಜಿ. ಗಾಳಿಯೊಂದಿಗೆ ಸುಮಾರು 68 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯುತ್ತದೆ; ಎಥನಾಲ್ ಆದರೆ ಸುಮಾರು 111 ಗ್ರಾಂ ಬೇಕು. ಲೆಕ್ಕ ಹಾಕಿ ನೋಡಿದರೆ ಎರಡರಲ್ಲೂ ಹೊರಬರುವ ಶಾಖ ಹೆಚ್ಚುಕಡಿಮೆ ಸಮ, ಎಥನಾಲ್‌ನದ್ದೇ ಕೂದಲೆಳೆಯಷ್ಟು ಮುಂದೆ.

ನಿಜವಾದ ಲಾಭ ಬರುವುದು ತಂಪಿನಿಂದ. ಒಂದು ಕೆ.ಜಿ. ಪೆಟ್ರೋಲ್ ಆವಿಯಾಗಲು ಸುಮಾರು 350 ಕಿಲೋಜೂಲ್ ಶಾಖ ಹೀರಿದರೆ, ಎಥನಾಲ್ 900ರ ಆಸುಪಾಸು ಹೀರುತ್ತದೆ. ಅದರ ಮೇಲೆ, ಅಷ್ಟೇ ಗಾಳಿಗೆ ಎಥನಾಲ್ ಹೆಚ್ಚು ಬೇಕಾಗುವುದರಿಂದ ಸಿಲಿಂಡರಿನೊಳಗಿನ ತಂಪು ಪೆಟ್ರೋಲಿನ ನಾಲ್ಕು ಪಟ್ಟಿನಷ್ಟಾಗುತ್ತದೆ. ಜೊತೆಗೆ ಅದರ ಆಕ್ಟೇನ್, ಅಂದರೆ ಇಂಧನ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣದ ಅಳತೆ, 108ರ ಹತ್ತಿರವಿದೆ. ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಒತ್ತಡ ಏರಿದಾಗ ಬಿಸಿಯಾದ ಮಿಶ್ರಣ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆಯಂತೆ ಬಡಿಯುವ ನಾಕಿಂಗ್, ಪೆಟ್ರೋಲ್ ಎಂಜಿನ್ನಿನ ಕೈಕಟ್ಟುವ ಸಂಗತಿ. ಎಥನಾಲ್ ಆ ಕಟ್ಟನ್ನು ಸಡಿಲಿಸುತ್ತದೆ. ಪೆಟ್ರೋಲ್ ಟರ್ಬೊ ಎಂಜಿನ್ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ತನ್ನನ್ನು ತಣ್ಣಗಿಟ್ಟುಕೊಳ್ಳುವುದಕ್ಕೇ ಹೆಚ್ಚುವರಿ ಪೆಟ್ರೋಲ್ ಸುರಿದುಕೊಳ್ಳುತ್ತದೆ. ಎಥನಾಲ್‌ನಲ್ಲಿ ಆ ದುಂದು ಬಹಳಮಟ್ಟಿಗೆ ತಪ್ಪುತ್ತದೆ. ಹೀಗಾಗಿ ರೇಸ್ ಟ್ರ್ಯಾಕಿನಲ್ಲಿ ಎರಡರ ಮೈಲೇಜ್ ನಡುವಿನ ಅಂತರ ಊರೊಳಗಿನ ಓಡಾಟದಲ್ಲಿ ಕಾಣುವಷ್ಟು ದೊಡ್ಡದಲ್ಲ.

ಆದರೆ ಈ ಗುಣಗಳೆಲ್ಲ ಎಂಜಿನ್ ಬಳಸಿಕೊಂಡರೆ ಮಾತ್ರ ದಕ್ಕುತ್ತವೆ. ಸಾಬ್ ಕಂಪನಿ 2005ರಲ್ಲಿ ಸ್ವೀಡನ್ನಿನಲ್ಲಿ ಮಾರಾಟಕ್ಕಿಟ್ಟ 9-5 ಬಯೋಪವರ್ ಎಂಬ ಕುಟುಂಬದ ಕಾರು, ಟ್ಯಾಂಕಿನಲ್ಲಿ ಇ85 ಇದೆಯೆಂದು ಗುರುತಿಸಿದ ಕೂಡಲೇ ಟರ್ಬೊ ಒತ್ತಡವನ್ನೂ ಕಿಡಿಯ ಸಮಯವನ್ನೂ ಬದಲಿಸಿಕೊಂಡು, 150 ಅಶ್ವಶಕ್ತಿಯನ್ನು 180ಕ್ಕೆ ಏರಿಸುತ್ತಿತ್ತು. ಅದೇ 2009ರ ಬೆಂಟ್ಲಿ ಕಾಂಟಿನೆಂಟಲ್ ಸೂಪರ್‌ಸ್ಪೋರ್ಟ್ಸ್ ಎರಡೂ ಇಂಧನಗಳನ್ನು ಕುಡಿಯುತ್ತಿತ್ತಾದರೂ ಎರಡರಲ್ಲೂ ಕೊಡುತ್ತಿದ್ದ ತಾಕತ್ತು ಒಂದೇ. ನನ್ನ ಅಭಿಪ್ರಾಯದಲ್ಲಿ ಎಥನಾಲನ್ನು ಸಹಿಸಿಕೊಳ್ಳುವ ಕಾರು ಬೇರೆ, ಎಥನಾಲ್‌ಗೆಂದು ಕಟ್ಟಿದ ಕಾರು ಬೇರೆ. ಹತ್ತೂವರೆಗೆ ಒಂದರ ಕಂಪ್ರೆಷನ್ ಇರುವ (ಮಿಶ್ರಣವನ್ನು ಹತ್ತೂವರೆಯಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತುವ), ಪೆಟ್ರೋಲಿಗೆ ಹೊಂದಿಸಿದ ಎಂಜಿನ್ನಿಗೆ ಇ20 ಹಾಕಿದರೆ ಕಳೆದುಕೊಳ್ಳುವುದು ಕಾಣುತ್ತದೆ, ಗಳಿಸುವುದು ಕಾಣುವುದಿಲ್ಲ. ನಮ್ಮ ಜನರ ದೂರಿನ ಮೂಲ ಇದು, ದೂರು ಸುಳ್ಳಲ್ಲ.

ಡಿಸ್ಟಿಲರಿ_ನಿವೃತ್ತ

ಹುಬ್ಬಳ್ಳಿಯವರು ಎಂಜಿನ್ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಬಹಳ ಕಾಲ ದುಡಿದವನಾಗಿ ಇಂಧನದ ಕಡೆಯ ಮಾತನ್ನು ಸೇರಿಸಬೇಕೆನಿಸುತ್ತದೆ.

ಎಥನಾಲ್ ಬಿಟ್ಟು ಬೇರೇನನ್ನೂ ಕುಡಿಯದ ಕಾರುಗಳನ್ನು ಒಂದು ದೇಶ ಈಗಾಗಲೇ ನಡೆಸಿ ನೋಡಿದೆ. ಬ್ರೆಜಿಲ್ 1975ರಲ್ಲಿ ಪ್ರೊ-ಆಲ್ಕೊಹಾಲ್ ಯೋಜನೆ ಆರಂಭಿಸಿತು, 1979ರಲ್ಲಿ ಫಿಯೆಟ್ 147 ಕಾರಿನ ಎಥನಾಲ್ ಆವೃತ್ತಿ ರಸ್ತೆಗಿಳಿಯಿತು, 1980ರ ದಶಕದ ನಡುವಿನ ಹೊತ್ತಿಗೆ ಅಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಬಹುಪಾಲು ಅಂಥವೇ ಆಗಿದ್ದವು. ದಶಕದ ಕೊನೆಗೆ ಕಚ್ಚಾತೈಲ ಅಗ್ಗವಾಗಿ, ಸಕ್ಕರೆಗೆ ಒಳ್ಳೆಯ ಬೆಲೆ ಬಂದಾಗ ಕಾರ್ಖಾನೆಗಳು ಸಕ್ಕರೆಯತ್ತ ವಾಲಿದವು, ಬಂಕ್‌ಗಳಲ್ಲಿ ಎಥನಾಲ್ ಸಿಗದೆ ಜನ ಸಾಲು ನಿಂತರು. ಆ ಕಾರುಗಳ ಮೇಲಿನ ನಂಬಿಕೆ ಅಲ್ಲಿಗೆ ಮುರಿಯಿತು. 2003ರಲ್ಲಿ ಎರಡೂ ಇಂಧನಕ್ಕೆ ಒಗ್ಗುವ ಫೋಕ್ಸ್‌ವ್ಯಾಗನ್ ಗೋಲ್ ಬಂದ ಮೇಲೆಯೇ ಎಥನಾಲ್ ಮತ್ತೆ ಕಾಲೂರಿದ್ದು.

ಇದು ದೂರದ ಕಥೆಯಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕಬ್ಬಿನ ಇಳುವರಿ ಕುಸಿಯುವ ಅಂದಾಜಿದ್ದಾಗ, ಆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ನೇರವಾಗಿ ಎಥನಾಲ್ ಮಾಡುವುದನ್ನು ತಡೆಯಿತು, ಕೆಲವೇ ದಿನಗಳಲ್ಲಿ ಮಿತಿಯೊಂದನ್ನು ಹಾಕಿ ಸಡಿಲಿಸಿತು. ಹಂಗಾಮಿನ ನಡುವೆ ಇಂಥ ಆದೇಶ ಬಂದರೆ ಡಿಸ್ಟಿಲರಿಯವರಿಗೇ ದಿಕ್ಕು ತೋಚುವುದಿಲ್ಲ, ಕಾರಿನ ಮಾಲೀಕನ ಪಾಡೇನು? ಕೃಷ್ಣಾ ತೀರದಲ್ಲಿ ಕಬ್ಬಿಗೆ ಹರಿಸುವ ನೀರಿನ ಪ್ರಶ್ನೆಯಂತೂ ಇದ್ದೇ ಇದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದ ಎಥನಾಲ್‌ಗೆ ನನ್ನ ಪೂರ್ಣ ಬೆಂಬಲವಿದೆ. ಕಾರು ಓಡಿಸಲೆಂದೇ ಹೊಸದಾಗಿ ಕಬ್ಬು ನೆಡುವುದಾದರೆ ಬೆಂಬಲವಿಲ್ಲ.

ಮುಧೋಳದ_ವಿದ್ಯಾರ್ಥಿ

ಹಿರಿಯರಿಬ್ಬರಿಗೂ ಧನ್ಯವಾದಗಳು. ಹಾಗಾದರೆ ಪೂರೈಕೆಯ ಅಪಾಯವನ್ನೂ ತಪ್ಪಿಸಿ, ಎಥನಾಲ್‌ನ ಗುಣವನ್ನೂ ಪೂರ್ತಿ ಬಳಸಿಕೊಳ್ಳುವ ದಾರಿಯೇ ಇಲ್ಲವೇ?

ಹುಬ್ಬಳ್ಳಿ_ಟರ್ಬೊ

ದಾರಿ ಇದೆ, ಮತ್ತು ಅದು ಟರ್ಬೊ ಇರುವ ವೇಗದ ಕಾರಿನಲ್ಲೇ ಸುಲಭವೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಬ್ರೆಜಿಲಿನ ಹಳೆಯ ಕಾರುಗಳ ಕಂಪ್ರೆಷನ್ ಅನುಪಾತ ಲೋಹದಲ್ಲೇ ಕೊರೆದಿಟ್ಟದ್ದು, ಇಂಧನ ಬದಲಾದರೆ ಅದು ಬದಲಾಗದು. ಟರ್ಬೊ ಒತ್ತಡ ಹಾಗಲ್ಲ; ಇಂಧನದ ಪೈಪಿನಲ್ಲಿ ಕೂತ ಸಣ್ಣ ಸೆನ್ಸರ್ ಎಥನಾಲ್‌ನ ಪ್ರಮಾಣವನ್ನು ಅಳೆದು ತಿಳಿಸಿದರೆ, ಎಂಜಿನ್ನಿನ ಕಂಪ್ಯೂಟರ್ ಒತ್ತಡವನ್ನು ಆ ಕ್ಷಣದಲ್ಲೇ ಏರಿಸಬಲ್ಲದು, ಇಳಿಸಬಲ್ಲದು. ಎಥನಾಲ್ ಸಿಕ್ಕ ದಿನ ಪೂರ್ತಿ ತಾಕತ್ತು, ಸಿಗದ ದಿನ ಪೆಟ್ರೋಲಿನ ತಾಕತ್ತು. ಕಾರು ಮಾತ್ರ ನಿಲ್ಲುವುದಿಲ್ಲ. ಅದಕ್ಕಾಗಿ ಮೊದಲೇ ದೊಡ್ಡ ಇಂಜೆಕ್ಟರ್, ಹೆಚ್ಚು ಇಂಧನ ತಳ್ಳುವ ಪಂಪು, ತೇವ ಹೀರುವ ಎಥನಾಲ್‌ಗೆ ತುಕ್ಕು ಹಿಡಿಯದ ಪೈಪು, ಉಬ್ಬಿ ಬಿರಿಯದ ರಬ್ಬರ್ ಹಾಕಿರಬೇಕು. ಈ ಖರ್ಚು ದುಬಾರಿ ಕಾರಿನ ಬೆಲೆಯಲ್ಲಿ ಕರಗಿಹೋಗುತ್ತದೆ, ಸಣ್ಣ ಕಾರಿನ ಬೆಲೆಯಲ್ಲಿ ಎದ್ದು ಕಾಣುತ್ತದೆ. ಚಳಿಯಲ್ಲಿ ಸ್ಟಾರ್ಟ್ ಆಗದಿರುವ ತೊಂದರೆಗೆಂದು ಬ್ರೆಜಿಲಿನವರು ಬಾನೆಟ್ಟಿನ ಕೆಳಗೆ ಪೆಟ್ರೋಲಿನ ಪುಟ್ಟ ಟ್ಯಾಂಕ್ ಇಡುತ್ತಿದ್ದರು. ಬೀದರಿನ ಕೆಲವು ಬೆಳಗುಗಳನ್ನು ಬಿಟ್ಟರೆ ನಮ್ಮಲ್ಲಿ ಅದರ ಅಗತ್ಯವೂ ಬೀಳಲಾರದು.

ಇನ್ನೂ ಮಿತವ್ಯಯದ ಉಪಾಯವೊಂದನ್ನು ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಮುಂದಿಟ್ಟಿದ್ದರು: ಕಾರು ಪೆಟ್ರೋಲಿನಲ್ಲೇ ಓಡಲಿ, ನಾಕಿಂಗ್ ಶುರುವಾಗುವ ಭಾರೀ ಒತ್ತಡದ ಕ್ಷಣಗಳಲ್ಲಿ ಮಾತ್ರ ಪ್ರತ್ಯೇಕ ಟ್ಯಾಂಕಿನಿಂದ ಸ್ವಲ್ಪ ಎಥನಾಲ್ ನೇರ ಸಿಲಿಂಡರಿಗೆ ಚಿಮ್ಮಲಿ. ಕಾಕಂಬಿಯ ಎಥನಾಲ್ ಸಾಕೆನ್ನುವ ಡಿಸ್ಟಿಲರಿಯವರಿಗೆ ಈ ದಾರಿ ಹೆಚ್ಚು ಹಿಡಿಸಬಹುದು.

ಭಾರತದಲ್ಲಿ ಟಿವಿಎಸ್ 2019ರಲ್ಲಿ ಅಪಾಚೆ ಆರ್‌ಟಿಆರ್ 200ರ ಇ100 ಆವೃತ್ತಿ ತಂದಾಗ ನನಗೆ ತುಂಬ ಸಂತೋಷವಾಗಿತ್ತು. ಆದರೆ ಅದರ ತಾಕತ್ತು 21 ಪಿಎಸ್ (ಅಶ್ವಶಕ್ತಿಯ ಮೆಟ್ರಿಕ್ ಅಳತೆ), ಪೆಟ್ರೋಲ್ ಬೈಕಿನಷ್ಟೇ. ಆಗ ಆ ಇಂಧನ ಹಾಕಿಸಲು ಬಂಕ್‌ಗಳೂ ಇರಲಿಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳ ಆಯ್ದ ಬಂಕ್‌ಗಳಲ್ಲಿ ಎಥನಾಲ್ 100 ಮಾರಾಟ ಶುರುವಾಯಿತು. ಮುಂದೆ ಫ್ಲೆಕ್ಸ್ ಫ್ಯೂಯಲ್ (ಎರಡೂ ಇಂಧನಕ್ಕೆ ಒಗ್ಗುವ) ಹೆಸರಿನಲ್ಲಿ ಯಾವುದೇ ಟರ್ಬೊ ಕಾರು ಶೋರೂಮಿಗೆ ಬಂದರೆ, ನೀವು ಕೇಳಬೇಕಾದ ಮೊದಲ ಪ್ರಶ್ನೆ ಎಥನಾಲ್‌ನಲ್ಲಿ ಅದರ ಪಿಎಸ್ ಮತ್ತು ಟಾರ್ಕ್ ಪೆಟ್ರೋಲಿಗಿಂತ ಎಷ್ಟು ಹೆಚ್ಚು ಎಂಬುದು. ಎರಡೂ ಕಡೆ ಒಂದೇ ಅಂಕಿ ತೋರಿಸಿದರೆ, ಆ ಎಂಜಿನ್ನನ್ನು ಪೆಟ್ರೋಲಿಗೆಂದೇ ಕಟ್ಟಿದ್ದಾರೆಂದು ತಿಳಿಯಿರಿ.